ಕೆಟ್ಟ ಸುದ್ದಿ ತಡವಾಗದಿರಲಿ: ತಂಡ ನಡೆಸುವವರಿಗೆ ಒಂದು ಮಾರ್ಗದರ್ಶಿ

ಕೆಲಸ ಒಂದು ದಿನ ಕೆಡುತ್ತದೆ. ಕೆಟ್ಟಿದ್ದು ತಂಡದ ಯಾರೋ ಒಬ್ಬರಿಗೆ ಇನ್ನೊಂದು ದಿನ ಗೊತ್ತಾಗುತ್ತದೆ. ತಂಡದ ಮುಖ್ಯಸ್ಥರ ಕಿವಿಗೆ ಅದು ಬೀಳುವುದು ಮತ್ತೊಂದು ದಿನ. ಮೊದಲೆರಡು ದಿನಗಳ ನಡುವಿನ ಅಂತರವನ್ನು ಒಳ್ಳೆಯ ತಪಾಸಣೆಯಿಂದಲೋ ಒಳ್ಳೆಯ ಸಾಫ್ಟ್‌ವೇರ್‌ನಿಂದಲೋ ಕಡಿಮೆ ಮಾಡಬಹುದು. ಆಮೇಲಿನ ಅಂತರ ಮಾತ್ರ ಮುಖ್ಯಸ್ಥರ ನಡತೆಯ ಮೇಲೆ ನಿಂತಿದೆ. ಬೇಗ ಗೊತ್ತಾಗಿದ್ದರೆ ಒಂದು ಫೋನ್ ಕರೆಯಲ್ಲಿ ಮುಗಿಯುತ್ತಿದ್ದ ವಿಷಯ ಮೂರು ವಾರ ಯಾರದೋ ಹೊಟ್ಟೆಯಲ್ಲೇ ಉಳಿದರೆ, ಉಗುರಿನಲ್ಲಿ ಹೋಗಬೇಕಾದ್ದಕ್ಕೆ ಕೊಡಲಿ ಬೇಕಾಗುತ್ತದೆ.

ನಾಯಕತ್ವದ ಬಗ್ಗೆ ಮಾತಾಡುವಾಗ ದೂರದೃಷ್ಟಿ, ಸ್ಫೂರ್ತಿ, ವಾಕ್ಚಾತುರ್ಯ ಎಂದೆಲ್ಲ ಪಟ್ಟಿ ಮಾಡುತ್ತೇವೆ. ಅವೆಲ್ಲ ಬೇಕು, ಸರಿ. ಆದರೆ ಒಬ್ಬ ಮ್ಯಾನೇಜರ್ ಎಂಥವರು ಎಂದು ತಿಳಿಯಲು ಇದಕ್ಕಿಂತ ನೇರವಾದ ಅಳತೆ ಒಂದಿದೆ: ಅವರ ತಂಡದಲ್ಲಿ ಕೆಟ್ಟ ಸುದ್ದಿ ಎಷ್ಟು ದಿನಕ್ಕೆ ಅವರನ್ನು ಮುಟ್ಟುತ್ತದೆ? ಈ ಲೇಖನ ಆ ದಿನಗಳನ್ನು ಕಡಿಮೆ ಮಾಡುವ ಬಗ್ಗೆ. ಐದರಿಂದ ಹದಿನೈದು ಜನರ ತಂಡವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅದು ಕಚೇರಿಯಾಗಿರಲಿ, ಕಾರ್ಖಾನೆಯ ಶಿಫ್ಟ್ ಆಗಿರಲಿ, ಆಸ್ಪತ್ರೆಯ ವಾರ್ಡ್ ಆಗಿರಲಿ, ವಿಧಾನ ಒಂದೇ.

ಜನ ಯಾಕೆ ಬಾಯಿ ಬಿಡುವುದಿಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಸುದ್ದಿ ಮುಚ್ಚಿಡುವವರು ಅಪ್ರಾಮಾಣಿಕರು ಎಂದು ನಾವು ಅಂದುಕೊಳ್ಳುತ್ತೇವೆ. ಮನಶ್ಶಾಸ್ತ್ರಜ್ಞರಾದ ರೋಸೆನ್ ಮತ್ತು ಟೆಸ್ಸರ್ 1970ರಲ್ಲಿ ತೋರಿಸಿದ್ದು ಬೇರೆಯದೇ: ಕೆಟ್ಟ ಸುದ್ದಿಯಲ್ಲಿ ತಮ್ಮ ತಪ್ಪು ಎಳ್ಳಷ್ಟೂ ಇಲ್ಲದಿದ್ದರೂ ಜನ ಅದನ್ನು ಇನ್ನೊಬ್ಬರಿಗೆ ಹೇಳಲು ಹಿಂಜರಿಯುತ್ತಾರೆ. ಒಳ್ಳೆಯ ಸುದ್ದಿಗೆ ತಾನಾಗಿ ಕಾಲು ಬರುತ್ತದೆ, ಕೆಟ್ಟದ್ದನ್ನು ಯಾರಾದರೂ ಹೊತ್ತು ತರಬೇಕು. ಹೊರುವವರು ಯಾರು ಎಂಬಲ್ಲೇ ಅದು ನಿಂತುಬಿಡುತ್ತದೆ.

ಹುದ್ದೆಯ ಅಂತರ ಇದಕ್ಕೆ ಸೇರಿದರೆ ಜೀವ ಹೋಗುವ ಅಪಾಯವಿದ್ದರೂ ಬಾಯಿ ಕಟ್ಟುತ್ತದೆ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ಒಂದು ಡಿಸಿ-8 ವಿಮಾನ ಇಂಧನ ಮುಗಿದು ಬಿದ್ದು 10 ಜನ ಸತ್ತರು. ಲ್ಯಾಂಡಿಂಗ್ ಗೇರ್‌ನ ತೊಂದರೆಯನ್ನು ಪರಿಶೀಲಿಸುತ್ತ ಕ್ಯಾಪ್ಟನ್ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತು ಹಾಕುತ್ತಿದ್ದರು. ಇಂಧನ ಇಳಿಯುತ್ತಿದೆ ಎಂದು ಕಾಕ್‌ಪಿಟ್‌ನಲ್ಲಿದ್ದ ಉಳಿದಿಬ್ಬರು ಸೂಚಿಸಿದರು, ಆದರೆ ಕ್ಯಾಪ್ಟನ್ನರಿಗೆ ನಾಟುವಂತೆ ಬಿಡಿಸಿ ಹೇಳಲಿಲ್ಲ. ಅದಕ್ಕೂ ಹಿಂದಿನ ವರ್ಷ, 1977ರ ಮಾರ್ಚ್ 27ರಂದು, ಸ್ಪೇನ್‌ನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತಿದ್ದರು. ಎದುರಿನ ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಹಾರಲು ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಹೋಗಿದೆ ಎಂದು ಹಿರಿಯ ಕ್ಯಾಪ್ಟನ್ ಖಂಡಿತವಾಗಿ ಹೇಳಿದ ಮೇಲೆ ಅವರು ಮತ್ತೆ ಕೇಳಲಿಲ್ಲ. ಇಂಥ ಅಪಘಾತಗಳ ನಂತರವೇ ಕಿರಿಯರು ಹೇಳುವುದನ್ನೂ ಹಿರಿಯರು ಕೇಳುವುದನ್ನೂ ತರಬೇತಿಯಾಗಿ ಕಲಿಸುವ ಪದ್ಧತಿ ವಿಮಾನಯಾನದಲ್ಲಿ ಬಂತು. ಯುನೈಟೆಡ್ 1981ರಲ್ಲಿ ಅದನ್ನು ಆರಂಭಿಸಿತು.

ಹೇಳಿದರೂ ಕೇಳದಿರುವುದು ಇದರ ಇನ್ನೊಂದು ಮುಖ. 1986ರ ಜನವರಿಯಲ್ಲಿ ಚಾಲೆಂಜರ್ ಗಗನನೌಕೆ ಹಾರುವ ಹಿಂದಿನ ಸಂಜೆ, ಚಳಿಗೆ ರಾಕೆಟ್ಟಿನ ರಬ್ಬರ್ ಸೀಲ್‌ಗಳು ಸರಿಯಾಗಿ ಕೂರಲಾರವು ಎಂದು ಎಂಜಿನಿಯರುಗಳು ಎಚ್ಚರಿಸಿದ್ದರು. ಮೇಲಿನವರು ಆ ಮಾತನ್ನು ಬದಿಗೆ ಸರಿಸಿದರು. ಮರುದಿನ ಹಾರಿದ 73 ಸೆಕೆಂಡುಗಳಲ್ಲಿ ನೌಕೆ ಒಡೆದು ಏಳು ಜನ ಸತ್ತರು. ಆದ್ದರಿಂದ "ನನ್ನ ಬಾಗಿಲು ಸದಾ ತೆರೆದಿದೆ" ಎಂದರೆ ಸಾಲದು. ಒಳಗೆ ಬಂದವರಿಗೆ ಏನಾಗುತ್ತದೆ ಎಂಬುದನ್ನು ಹೊರಗಿನವರು ನೋಡುತ್ತಿರುತ್ತಾರೆ.

ಹಂತ 1: ಈಗಿನ ಅಂತರ ಎಷ್ಟೆಂದು ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಳೆದ ಎರಡು ತಿಂಗಳಲ್ಲಿ ನಿಮ್ಮ ತಂಡದಲ್ಲಿ ಕೆಟ್ಟ ಐದಾರು ಕೆಲಸಗಳನ್ನು ನೆನಪಿಸಿಕೊಳ್ಳಿ: ತಪ್ಪಿದ ಗಡುವು, ವಾಪಸ್ ಬಂದ ಸರಕು, ಲೆಕ್ಕದ ತಪ್ಪು, ಕೆಲಸ ಬಿಟ್ಟ ಒಬ್ಬರು. ಪ್ರತಿಯೊಂದಕ್ಕೂ ನಾಲ್ಕು ಕಾಲಂ ಸಾಕು. ತಂಡದ ಒಬ್ಬರಿಗಾದರೂ ಗೊತ್ತಾದ ದಿನ. ನಿಮಗೆ ಗೊತ್ತಾದ ದಿನ. ಹೇಳಿದವರು ಯಾರು, ಕೆಲಸ ಮಾಡುತ್ತಿದ್ದವರೇ ಅಥವಾ ಹೊರಗಿನವರೇ. ಕೇಳಿದ ಮೊದಲ ನಿಮಿಷದಲ್ಲಿ ನಿಮ್ಮ ಬಾಯಿಂದ ಬಂದ ಮಾತು.

ಮೊದಲ ದಿನಾಂಕ ಗೊತ್ತಿಲ್ಲದಿದ್ದರೆ ಕೇಳಿ ತಿಳಿಯಿರಿ, ಆದರೆ ವಿಚಾರಣೆಯ ದನಿ ಬೇಡ. "ಇದು ಯಾರ ತಪ್ಪು ಅಂತ ನೋಡ್ತಿಲ್ಲ, ಸುದ್ದಿ ನನ್ನ ಹತ್ತಿರ ಬರೋಕೆ ಎಷ್ಟು ದಿನ ಹಿಡೀತು ಅಂತ ನೋಡ್ತಿದೀನಿ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾಲ್ಕನೆಯ ಕಾಲಂ ಬರೆಯುವಾಗ ಕೈ ತಡೆಯುತ್ತದೆ. ಬರೆಯಿರಿ, ಆ ನೋಟ್‌ಬುಕ್ ನಿಮ್ಮೊಬ್ಬರದೇ.

ಹೆಚ್ಚಿನ ಸುದ್ದಿ ಗ್ರಾಹಕರಿಂದಲೋ ಪಕ್ಕದ ವಿಭಾಗದಿಂದಲೋ ನಿಮ್ಮ ಮೇಲಧಿಕಾರಿಯಿಂದಲೋ ಬಂದಿದ್ದರೆ ಮುಂದಿನ ಹಂತವನ್ನು ಎರಡು ಸಲ ಓದಿ.

ಹಂತ 2: ಮೊದಲ ಒಂದು ನಿಮಿಷ

ಈ ಲೇಖನದಲ್ಲಿ ಒಂದೇ ಒಂದನ್ನು ಅಭ್ಯಾಸ ಮಾಡುವುದಾದರೆ ಇದನ್ನು ಮಾಡಿ. ಒಬ್ಬರು ಬಂದು "ಸರ್, ಒಂದು ತೊಂದರೆ ಆಗಿದೆ" ಎಂದರು. ಆ ಕ್ಷಣದಿಂದ ಅರವತ್ತು ಸೆಕೆಂಡುಗಳಲ್ಲಿ ನಿಮ್ಮ ಮುಖ, ಕೈ, ದನಿ ಏನು ಮಾಡುತ್ತವೆ ಎಂಬುದು ಮುಂದಿನ ಆರು ತಿಂಗಳ ಸುದ್ದಿಯನ್ನು ನಿರ್ಧರಿಸುತ್ತದೆ. ಬಂದವರೊಬ್ಬರೇ ಅಲ್ಲ, ಅವರು ವಾಪಸ್ ಹೋಗಿ ಕೂತ ಮೇಲೆ "ಏನಂದ್ರು?" ಎಂದು ಕೇಳುವ ಎಲ್ಲರೂ ಇದರಿಂದ ಪಾಠ ಕಲಿಯುತ್ತಾರೆ.

ಕೈಯಲ್ಲಿದ್ದದ್ದನ್ನು ಕೆಳಗಿಡಿ. ಫೋನ್ ಬೋರಲು ಹಾಕಿ, ಲ್ಯಾಪ್‌ಟಾಪ್‌ನಿಂದ ಕಣ್ಣು ತೆಗೆಯಿರಿ. ಉಸಿರು ಒಂದು ಸಲ ಪೂರ್ತಿ ಬಿಡಿ. ಇದು ಯೋಗದ ಉಪದೇಶವಲ್ಲ, ದನಿ ಏರದಿರಲು ಅಷ್ಟು ಸಮಯ ಬೇಕು. ಮೊದಲ ವಾಕ್ಯ ಮೊದಲೇ ಸಿದ್ಧವಾಗಿರಲಿ: "ಹೇಳಿದ್ದು ಒಳ್ಳೇದಾಯ್ತು." ಆಮೇಲೆ ಸುಮ್ಮನಿರಿ. ಅವರು ಪೂರ್ತಿ ಹೇಳಲಿ. ನಡುವೆ ಬಾಯಿ ಹಾಕಿದರೆ ಅವರು ಉಳಿದದ್ದನ್ನು ನುಂಗಿಕೊಳ್ಳುತ್ತಾರೆ, ಉಳಿದದ್ದರಲ್ಲೇ ಮುಖ್ಯವಾದದ್ದು ಇರುತ್ತದೆ.

ಅವರು ಮುಗಿಸಿದ ಮೇಲೆ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ. "ಇದರಲ್ಲಿ ನಮಗೆ ಖಚಿತವಾಗಿ ಗೊತ್ತಿರೋದು ಏನು, ಊಹೆ ಏನು?" "ಹಾನಿ ಇನ್ನೂ ಹರಡ್ತಾ ಇದೆಯಾ, ನಿಂತಿದೆಯಾ?" "ಮುಂದಿನ ಒಂದು ಗಂಟೇಲಿ ನನ್ನಿಂದ ಏನು ಬೇಕು?" ಯಾಕಾಯಿತು, ಯಾರಿಂದಾಯಿತು ಎಂಬುದು ಬೆಂಕಿ ಆರಿದ ಮೇಲಿನ ಮಾತು.

ಬಾಯಿಗೆ ಬರಲೇಬಾರದ ವಾಕ್ಯ ಒಂದಿದೆ: "ಮೊದಲೇ ಯಾಕೆ ಹೇಳಲಿಲ್ಲ?" ಕೇಳುವವರಿಗೆ ಇದು ನ್ಯಾಯವಾದ ಪ್ರಶ್ನೆ ಅನ್ನಿಸುತ್ತದೆ. ಆದರೆ ಇದು ಹೇಳದೆ ಉಳಿದವರಿಗೆ ತಟ್ಟುವುದೇ ಇಲ್ಲ, ಕೊನೆಗೂ ಧೈರ್ಯ ಮಾಡಿ ಬಂದವರಿಗೇ ಪೆಟ್ಟು. ತಡವಾದ ಕಾರಣ ತಿಳಿಯಬೇಕಾದ್ದು ನಿಜ. ಅದನ್ನು ಎರಡು ಮೂರು ದಿನ ಬಿಟ್ಟು, ಕೆಲಸ ಹಳಿಗೆ ಬಂದ ಮೇಲೆ, ಬೇರೆ ಮಾತಿನಲ್ಲಿ ಕೇಳಿ: "ಮುಂದಿನ ಸಲ ಇಂಥದ್ದು ಇನ್ನೂ ಬೇಗ ಹೇಳೋಕೆ ಏನು ಅಡ್ಡ ಬರುತ್ತೆ?" ಉತ್ತರ ನಿಮ್ಮ ಬಗ್ಗೆಯೇ ಇರಬಹುದು. ಕೇಳಿಸಿಕೊಳ್ಳಿ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಒಳ್ಳೆಯವರಾಗಲು ಹೋಗಿ "ಪರವಾಗಿಲ್ಲ ಬಿಡಿ" ಎಂದು ತೇಲಿಸಿಬಿಡುವುದು. ರಾತ್ರಿ ನಿದ್ದೆಗೆಟ್ಟು ಹೇಳಲು ಬಂದವರಿಗೆ, ಇದು ಅಷ್ಟು ದೊಡ್ಡ ವಿಷಯವೇನಲ್ಲ, ಮುಂದಿನ ಸಲ ಹೇಳದಿದ್ದರೂ ನಡೆಯುತ್ತದೆ ಎಂಬ ಸಂದೇಶ ಹೋಗುತ್ತದೆ. ವಿಷಯ ಗಂಭೀರವಾಗಿದ್ದರೆ ಗಂಭೀರವಾಗಿದೆ ಎಂದೇ ಹೇಳಿ. ಗಾಂಭೀರ್ಯ ಸಮಸ್ಯೆಯ ಮೇಲಿರಲಿ, ತಂದವರ ಮೇಲೆ ಬೇಡ.

ಮಾತು ಮುಗಿಸುವ ಮೊದಲು ಒಂದು ಸಮಯ ಹೇಳಿ: "ನಾಲ್ಕು ಗಂಟೆಗೆ ನಾನೇ ಬಂದು ಹೇಳ್ತೀನಿ." ನಾಲ್ಕು ಗಂಟೆಗೆ ಹೇಳಲು ಏನೂ ಇಲ್ಲದಿದ್ದರೂ ಹೋಗಿ "ಇನ್ನೂ ಏನೂ ಗೊತ್ತಾಗಿಲ್ಲ, ಆರಕ್ಕೆ ಮತ್ತೆ ಬರ್ತೀನಿ" ಎನ್ನಿ. ಸುದ್ದಿ ಕೊಟ್ಟವರಿಗೆ ಏನಾಯಿತೆಂದು ತಿಳಿಯದಿದ್ದರೆ, ಮುಂದಿನ ಸುದ್ದಿ ಕೊಟ್ಟು ಪ್ರಯೋಜನವೇನು ಎನ್ನಿಸುತ್ತದೆ.

ಮತ್ತು ತಾಳ್ಮೆ ತಪ್ಪಿದರೆ? ತಪ್ಪುತ್ತದೆ, ಎಲ್ಲರಿಗೂ. ಅದೇ ದಿನ ಸರಿಪಡಿಸಬೇಕು, ರಾತ್ರಿ ಕಳೆಯಬಾರದು. ನಾಲ್ಕು ಜನರ ಎದುರು ಕೂಗಾಡಿದ್ದರೆ ಕ್ಷಮೆಯನ್ನೂ ಅದೇ ನಾಲ್ಕು ಜನರ ಎದುರು ಕೇಳಬೇಕು. ಎದುರಿಗೆ ಬೈದು ಆಮೇಲೆ ಒಬ್ಬರನ್ನೇ ಕರೆದು ಸಾರಿ ಎಂದರೆ ಉಳಿದ ಮೂವರ ಲೆಕ್ಕದಲ್ಲಿ ಬೈದದ್ದು ಮಾತ್ರ ಉಳಿಯುತ್ತದೆ. ಮಾತು ಎರಡೇ ವಾಕ್ಯ ಇರಲಿ: "ಬೆಳಗ್ಗೆ ನಾನು ದನಿ ಏರಿಸಿದ್ದು ತಪ್ಪು. ನೀವು ಸುದ್ದಿ ತಂದಿದ್ದು ಸರಿ." ಮೂರನೆಯ ವಾಕ್ಯ "ಆದರೆ" ಎಂದು ಶುರುವಾಗುವ ಹಾಗಿದ್ದರೆ ಅದನ್ನು ನುಂಗಿ.

"ಸಮಸ್ಯೆ ತರಬೇಡಿ, ಪರಿಹಾರ ತನ್ನಿ" ಎಂಬ ಮಾತು ಬಹಳ ಕಚೇರಿಗಳಲ್ಲಿ ಚಾಲ್ತಿಯಲ್ಲಿದೆ. ಉದ್ದೇಶ ಒಳ್ಳೆಯದು, ಪರಿಣಾಮ ಕೆಟ್ಟದು. ಪರಿಹಾರ ಹೊಳೆಯದ ಸಮಸ್ಯೆಗಳೇ ಅತಿ ದೊಡ್ಡವು. ಈ ಮಾತು ಅವುಗಳನ್ನೇ ಒಳಗೆ ಕೂಡಿಹಾಕುತ್ತದೆ. ಇದರ ಬದಲು ಹೀಗೆ ಹೇಳಿ: "ಪರಿಹಾರ ಇದ್ದರೆ ಜೊತೆಗೆ ತನ್ನಿ. ಇಲ್ಲದಿದ್ದರೆ ಸಮಸ್ಯೆ ಒಂದನ್ನೇ ತನ್ನಿ, ಆದರೆ ಇವತ್ತೇ ತನ್ನಿ."

ಹಂತ 3: ಪ್ರತಿಯೊಬ್ಬರೊಂದಿಗೆ ಅರ್ಧ ಗಂಟೆ

ಎಲ್ಲರೂ ಕೂತ ಮೀಟಿಂಗ್‌ನಲ್ಲಿ ಕೆಟ್ಟ ಸುದ್ದಿ ಮೊದಲ ಸಲ ಬರುವುದು ಅಪರೂಪ. ಇಬ್ಬರೇ ಇರುವ ಕಡೆ ಬರುತ್ತದೆ. ಎರಡು ವಾರಕ್ಕೊಮ್ಮೆ, 30 ನಿಮಿಷ, ಅದೇ ದಿನ, ಅದೇ ಹೊತ್ತು. ತಂಡ ಹತ್ತಕ್ಕಿಂತ ದೊಡ್ಡದಿದ್ದರೆ ಮೂರು ವಾರಕ್ಕೊಮ್ಮೆ ಮಾಡಿ, ಆದರೆ ಸಮಯವನ್ನು 15 ನಿಮಿಷಕ್ಕೆ ಇಳಿಸಬೇಡಿ. ಮೊದಲ ಹತ್ತು ನಿಮಿಷ ಲೋಕಾಭಿರಾಮದಲ್ಲಿ ಹೋಗುತ್ತದೆ, ನಿಜವಾದ ಮಾತು ಇಪ್ಪತ್ತನೇ ನಿಮಿಷದ ಆಚೆಗೇ ಬಾಯಿಗೆ ಬರುವುದು ಹೆಚ್ಚು. ಒಂದು ಸಲ ರದ್ದು ಮಾಡಬೇಕಾಗಿ ಬಂದರೆ, ಆಗುವುದಿಲ್ಲ ಎಂದು ತಿಳಿಸುವ ಅದೇ ಮೆಸೇಜಿನಲ್ಲಿ ಎರಡು ದಿನದೊಳಗಿನ ಇನ್ನೊಂದು ಸಮಯ ಕೊಡಿ. ಸತತ ಎರಡು ಸಲ ರದ್ದಾದರೆ ಈ ಭೇಟಿಗೆ ಬೆಲೆಯಿಲ್ಲ ಎಂದು ಅವರು ತೀರ್ಮಾನಿಸುತ್ತಾರೆ, ಅದು ಸರಿಯಾದ ತೀರ್ಮಾನವೇ.

ನಿಮ್ಮ ದೊಡ್ಡ ಮೇಜಿನ ಆಚೆ ಅವರನ್ನು ಕೂರಿಸಬೇಡಿ. ಮೇಜಿನ ಮೂಲೆಗೆ ಅಡ್ಡವಾಗಿ ಕೂತರೆ ದಿಟ್ಟಿಸದೆಯೂ ಮಾತಾಡಬಹುದು. ಒಟ್ಟಿಗೆ ನಡೆಯುತ್ತ ಮಾತಾಡಿದರೆ ಇನ್ನೂ ಒಳ್ಳೆಯದು. ಕೆಲಸದ ಸ್ಟೇಟಸ್ ಕೇಳಲು ಈ ಸಮಯ ಬಳಸಬೇಡಿ, ಅದಕ್ಕೆ ಬೇರೆ ದಾರಿಗಳಿವೆ.

"ಎಲ್ಲ ಸರಿಯಾಗಿದೆ ತಾನೆ?" ಎಂದು ಕೇಳಿದರೆ "ಹೌದು ಸರ್" ಎಂದೇ ಉತ್ತರ ಬರುತ್ತದೆ. ಪ್ರಶ್ನೆಯಲ್ಲೇ ಉತ್ತರ ತುಂಬಿಸಿಟ್ಟಿದ್ದೀರಿ. ತೊಂದರೆ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡು ಹೊರಡುವ ಪ್ರಶ್ನೆಗಳು ಬೇಕು:

"ಈ ಕೆಲಸ ತಡವಾದರೆ ಯಾವ ಕಾರಣಕ್ಕೆ ಆಗಬಹುದು?"
"ಕಳೆದ ಎರಡು ವಾರದಲ್ಲಿ ಯಾರಿಗಾಗಿ ಕಾಯ್ತಾ ಹೆಚ್ಚು ಸಮಯ ಹೋಯ್ತು?"
"ನಿಮಗೆ ಕಾಣ್ತಿರೋದು, ನನಗೆ ಕಾಣದೇ ಇರೋದು ಏನಿದೆ?"
"ನಾನು ಮಾಡ್ತಿರೋದರಲ್ಲಿ ನಿಮ್ಮ ಕೆಲಸಕ್ಕೆ ಅಡ್ಡ ಬರೋದು ಒಂದು ಹೇಳಿ."
"ಹೇಳಿದ ದಿನಕ್ಕೆ ಮುಗಿಯುತ್ತೆ ಅನ್ನೋ ನಂಬಿಕೆ ಹತ್ತರಲ್ಲಿ ಎಷ್ಟು?"

ಕೊನೆಯದು ಬಹಳ ಕೆಲಸಕ್ಕೆ ಬರುವ ಪ್ರಶ್ನೆ. ಯಾರೂ ಹತ್ತು ಎನ್ನುವುದಿಲ್ಲ. ಏಳು ಎಂದರೆ, "ಹಾಗಾದ್ರೆ ಉಳಿದ ಮೂರು ಏನು?" ಎಂದು ಕೇಳಿ. ಸಮಸ್ಯೆ ಇದೆ ಎಂದು ಬಾಯಿಬಿಟ್ಟು ಹೇಳಲಾಗದವರೂ ಆ ಮೂರರ ಬಗ್ಗೆ ಸಲೀಸಾಗಿ ಮಾತಾಡುತ್ತಾರೆ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ತರಗತಿಗಳನ್ನು ಗಮನಿಸಿದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಕಂಡುಕೊಂಡದ್ದು: ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡು ಅಥವಾ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಮಾತಾಡದ ಮಕ್ಕಳೂ ಬಾಯಿ ತೆರೆದರು. ದೊಡ್ಡವರು ಮಾತಾಡುವಲ್ಲೂ ಇದೇ ರೀತಿ ಕಾಯುವುದು ಒಳ್ಳೆಯದು. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಮೊದಮೊದಲು ಕಸಿವಿಸಿಯಾಗುತ್ತದೆ, ಆ ಕಸಿವಿಸಿಯನ್ನು ತಡೆದುಕೊಳ್ಳುವುದೇ ಇಲ್ಲಿನ ಕೌಶಲ. ಎದುರಿನವರು ಸ್ವಭಾವತಃ ಮಾತು ಕಡಿಮೆಯವರಾದರೆ ಎರಡು ಪ್ರಶ್ನೆಗಳನ್ನು ಹಿಂದಿನ ದಿನವೇ ಕಳಿಸಿ.

ಭೇಟಿಯ ನಂತರ ಎರಡೇ ಸಾಲು ಬರೆದಿಡಿ: ಅವರು ಕೇಳಿದ್ದೇನು, ನೀವು ಯಾವ ದಿನಕ್ಕೆ ಏನು ಮಾಡುತ್ತೇನೆ ಎಂದಿರಿ. ಮುಂದಿನ ಭೇಟಿಗೆ ಐದು ನಿಮಿಷ ಮೊದಲು ಅದನ್ನು ಓದಿ, ಮಾತನ್ನು ಅಲ್ಲಿಂದಲೇ ಶುರುಮಾಡಿ. ಆಗದಿದ್ದರೆ ಆಗಲಿಲ್ಲ ಎಂದು ಮೊದಲ ವಾಕ್ಯದಲ್ಲೇ ಹೇಳಿ. ಮುರಿದ ಕುರ್ಚಿ ಬದಲಿಸಿಕೊಡುತ್ತೇನೆ ಎಂದು ಮರೆತವರಿಗೆ ಯಾರೂ ದೊಡ್ಡ ಗುಟ್ಟು ಹೇಳುವುದಿಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ಎರಡು ಎಡವಟ್ಟುಗಳಿವೆ. ಒಂದು, ಕೇಳಿದ್ದನ್ನು ಎಲ್ಲರೆದುರು ಬಳಸುವುದು. ಹೆಸರು ಹೇಳದಿದ್ದರೂ ಎಂಟು ಜನರ ತಂಡದಲ್ಲಿ ಮೂಲ ಯಾರೆಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. "ಇದನ್ನ ಸರಿಮಾಡೋಕೆ ಹೋದ್ರೆ ನೀವೇ ಹೇಳಿದ್ದು ಅಂತ ತಿಳಿಯಬಹುದು, ಮಾಡಲಾ?" ಎಂದು ಮೊದಲೇ ಕೇಳಿ. ಇನ್ನೊಂದು, ಭೇಟಿ ಚಾಡಿಯ ಜಾಗವಾಗುವುದು. ಸಹೋದ್ಯೋಗಿಯ ಮೇಲೆ ದೂರು ಬಂದಾಗ "ಅವರ ಹತ್ತಿರ ಮಾತಾಡಿದ್ದೀರಾ? ಮಾತಾಡೋಕೆ ನನ್ನ ಸಹಾಯ ಬೇಕಾ?" ಎಂದು ಕೇಳಿದರೆ ಚಾಡಿ ತಾನಾಗಿ ಕಡಿಮೆಯಾಗುತ್ತದೆ. ಆದರೆ ಕಿರುಕುಳ, ಜೀವಕ್ಕೆ ಅಪಾಯ, ಹಣದ ಮೋಸದ ವಿಷಯವಾದರೆ ಈ ಪ್ರಶ್ನೆ ಕೇಳಲೇಬಾರದು. ದೂರು ಹೇಳಿದವರನ್ನು ಆ ವ್ಯಕ್ತಿಯ ಎದುರು ಕಳಿಸದೆ, ಅಂಥ ದೂರುಗಳಿಗೆ ಸಂಸ್ಥೆಯಲ್ಲಿ ಇರುವ ಸಮಿತಿಗೆ ಅಥವಾ ಎಚ್‌ಆರ್‌ಗೆ ಅದೇ ದಿನ ಮುಟ್ಟಿಸಿ. ಇಂಥ ವಿಷಯದಲ್ಲಿ "ಯಾರಿಗೂ ಹೇಳಲ್ಲ" ಎಂದು ಮುಂಚಿತವಾಗಿ ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗದು.

ಹಂತ 4: ಬಣ್ಣಗಳಿಗೆ ಅರ್ಥ ಕೊಡಿ

ಕೆಂಪು, ಹಳದಿ, ಹಸಿರು ಬಣ್ಣದ ಸ್ಟೇಟಸ್ ರಿಪೋರ್ಟ್ ಬಳಸುವ ತಂಡಗಳಲ್ಲಿ ಒಂದು ಕಾಯಿಲೆ ಸಾಮಾನ್ಯ: ಹೊರಗೆ ಹಸಿರು, ಕತ್ತರಿಸಿದರೆ ಒಳಗೆಲ್ಲ ಕೆಂಪು. ಕಲ್ಲಂಗಡಿ ರಿಪೋರ್ಟ್ ಎಂದೇ ಇದಕ್ಕೆ ಹೆಸರು. 2006ರಲ್ಲಿ ಫೋರ್ಡ್ ಮೋಟಾರ್ ಕಂಪನಿಯ ಚುಕ್ಕಾಣಿ ಹಿಡಿದ ಅಲನ್ ಮುಲಾಲಿ ವಾರದ ಸಭೆಗಳಲ್ಲಿ ಕಂಡದ್ದು ಇದನ್ನೇ. ಕಂಪನಿ ಭಾರಿ ನಷ್ಟದತ್ತ ಹೋಗುತ್ತಿತ್ತು, ಚಾರ್ಟುಗಳೆಲ್ಲ ಹಸಿರಾಗಿದ್ದವು. ಕೊನೆಗೆ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ ಹೊಸ ಕಾರೊಂದರ ಬಿಡುಗಡೆಗೆ ಕೆಂಪು ಗುರುತು ಹಾಕಿ ತಂದಾಗ ಸಭೆ ಸ್ತಬ್ಧವಾಯಿತು. ಮುಲಾಲಿ ಚಪ್ಪಾಳೆ ತಟ್ಟಿದರು, ಯಾರು ಸಹಾಯ ಮಾಡಬಲ್ಲಿರಿ ಎಂದು ಕೇಳಿದರು. ಮುಂದಿನ ವಾರಗಳಲ್ಲಿ ಉಳಿದವರ ಚಾರ್ಟುಗಳಿಗೂ ಬಣ್ಣ ಬಂತು.

ಬಣ್ಣವನ್ನು ಮನಸ್ಸಿಗೆ ಬಿಡಬೇಡಿ, ಲೆಕ್ಕಕ್ಕೆ ಕಟ್ಟಿ. ಹಸಿರು ಎಂದರೆ ಯಾರ ಸಹಾಯವೂ ಇಲ್ಲದೆ ಹೇಳಿದ ದಿನಕ್ಕೆ ಮುಗಿಯುತ್ತದೆ. ಹಳದಿ ಎಂದರೆ ಸಹಾಯ ಸಿಕ್ಕರೆ ಮಾತ್ರ ಮುಗಿಯುತ್ತದೆ, ಅಥವಾ ಎರಡು ದಿನದವರೆಗೆ ಜಾರಬಹುದು. ಕೆಂಪು ಎಂದರೆ ಅದಕ್ಕಿಂತ ಹೆಚ್ಚು ಜಾರುತ್ತದೆ ಅಥವಾ ಗ್ರಾಹಕರಿಗೆ ತಟ್ಟುತ್ತದೆ. ಎರಡು ದಿನವೋ ಐದು ದಿನವೋ ಎಂಬುದನ್ನು ನಿಮ್ಮ ಕೆಲಸಕ್ಕೆ ತಕ್ಕಂತೆ ಇಟ್ಟುಕೊಳ್ಳಿ, ಒಟ್ಟಿನಲ್ಲಿ ಅಂಕಿ ಇರಬೇಕು. ಶೇಕಡಾವಾರು ಕೇಳುವುದನ್ನು ನಿಲ್ಲಿಸಿ. "ಶೇ. 90 ಆಗಿದೆ" ಎಂಬ ಉತ್ತರ ಒಂದು ತಿಂಗಳು ಶೇ. 90 ಆಗಿಯೇ ಉಳಿಯಬಲ್ಲದು. "ಉಳಿದಿರುವ ಕೆಲಸಗಳನ್ನು ಒಂದೊಂದಾಗಿ ಹೇಳಿ" ಎಂದರೆ ಸತ್ಯ ಎರಡು ನಿಮಿಷದಲ್ಲಿ ಹೊರಬರುತ್ತದೆ.

ಹಂತ 5: ತಪ್ಪುಗಳನ್ನು ಬೇರ್ಪಡಿಸಿ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. ತಪ್ಪು ಹೇಳಿಕೊಂಡವರಿಗೆಲ್ಲ ಮಾಫಿ ಕೊಟ್ಟರೆ ಶಿಸ್ತು ಎಲ್ಲಿ ಉಳಿಯುತ್ತದೆ? ಉತ್ತರ: ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕೈತಪ್ಪು ಒಂದು ಬಗೆ. ಮಾಡಬೇಕಾದ್ದು ಗೊತ್ತಿತ್ತು, ಮರೆತರು ಅಥವಾ ತಪ್ಪು ಗುಂಡಿ ಒತ್ತಿದರು. ಬೈದರೆ ಇದು ನಿಲ್ಲುವುದಿಲ್ಲ, ಕೆಲಸದ ವಿಧಾನ ಬದಲಾಗಬೇಕು: ಚೆಕ್‌ಲಿಸ್ಟ್, ಇನ್ನೊಬ್ಬರ ಕಣ್ಣು, ಒಂದೇ ತರ ಕಾಣುವ ಎರಡು ಡಬ್ಬಗಳಿಗೆ ಬೇರೆ ಬೇರೆ ಬಣ್ಣ. ತೀರ್ಮಾನದ ತಪ್ಪು ಇನ್ನೊಂದು ಬಗೆ. ಗೊತ್ತಿದ್ದಷ್ಟರಲ್ಲಿ ಯೋಚಿಸಿ ಮಾಡಿದರು, ಲೆಕ್ಕ ತಪ್ಪಿತು, ಅಥವಾ ಅಪಾಯ ಕಡಿಮೆ ಅಂದುಕೊಂಡು ಅಡ್ಡದಾರಿ ಹಿಡಿದರು. ಇದಕ್ಕೆ ಬೇಕಾದ್ದು ಕೂತು ಮಾತಾಡುವುದು, ತರಬೇತಿ, ಎಷ್ಟರವರೆಗೆ ತಾವೇ ನಿರ್ಧರಿಸಬಹುದೆಂಬ ಮಿತಿ. ಮೂರನೆಯದು ಗೊತ್ತಿದ್ದೂ ಬೇಕೆಂದೇ ನಿಯಮ ಮುರಿದದ್ದು, ಅಥವಾ ಸುಳ್ಳು ಲೆಕ್ಕ ಬರೆದದ್ದು. ಇಲ್ಲಿ ಶಿಸ್ತುಕ್ರಮ ಆಗಲೇಬೇಕು. ಆಗದಿದ್ದರೆ ನೆಟ್ಟಗೆ ಕೆಲಸ ಮಾಡುವವರು ನಿಮ್ಮಲ್ಲಿ ನಂಬಿಕೆ ಕಳೆದುಕೊಳ್ಳುತ್ತಾರೆ.

ಯಾವ ಬಗೆ ಎಂದು ಗೊಂದಲವಾದರೆ ಒಂದು ಪರೀಕ್ಷೆ: ಅಷ್ಟೇ ಅನುಭವವಿರುವ ಇನ್ನೊಬ್ಬರನ್ನು, ಅದೇ ಹೊತ್ತಿನಲ್ಲಿ, ಅಷ್ಟೇ ಒತ್ತಡದಲ್ಲಿ ಆ ಜಾಗದಲ್ಲಿ ನಿಲ್ಲಿಸಿದ್ದರೆ ಅವರೂ ಹಾಗೆಯೇ ಮಾಡುತ್ತಿದ್ದರೇ? ಹೌದಾದರೆ ದೋಷ ವ್ಯಕ್ತಿಯದಲ್ಲ. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ ವಿಮಾನ ಸುರಕ್ಷತಾ ವರದಿ ವ್ಯವಸ್ಥೆ ಈ ವಿಂಗಡಣೆಯ ಮೇಲೆಯೇ ನಿಂತಿದೆ. ಬೇಕೆಂದು ಮಾಡಿದ್ದಲ್ಲದ ನಿಯಮಭಂಗವನ್ನು 10 ದಿನದೊಳಗೆ ತಾವಾಗಿ ವರದಿ ಮಾಡಿದವರಿಗೆ, ಕೆಲವು ಷರತ್ತುಗಳೊಂದಿಗೆ, ದಂಡನೆಯಿಂದ ವಿನಾಯಿತಿ ಇದೆ. ಅಪರಾಧಕ್ಕೆ ಆ ರಕ್ಷಣೆ ಇಲ್ಲ.

ನಿಮ್ಮ ತಂಡಕ್ಕೂ ಇಂಥ ಒಂದು ಗೆರೆ ಎಳೆಯಿರಿ, ಅದನ್ನು ಮೊದಲೇ ಎಲ್ಲರಿಗೂ ತಿಳಿಸಿ: ತಪ್ಪಾದ ದಿನವೇ ಹೇಳಿದರೆ ಅದು ಅಪ್ರೈಸಲ್‌ಗೆ ಬರುವುದಿಲ್ಲ, ಮುಚ್ಚಿಟ್ಟದ್ದು ಬರುತ್ತದೆ. ಬೇಕೆಂದೇ ಮಾಡಿದ್ದಕ್ಕೆ ಇದು ಅನ್ವಯಿಸುವುದಿಲ್ಲ ಎಂಬುದನ್ನೂ ಜೊತೆಗೇ ಹೇಳಿ. ಹೇಳಿದ ಮೇಲೆ ಅಪ್ರೈಸಲ್ ದಿನ ಅದನ್ನು ನೆನಪಿಟ್ಟುಕೊಳ್ಳುವ ಹೊಣೆ ನಿಮ್ಮದು. ಒಂದೇ ಒಂದು ಸಲ ಮಾತು ತಪ್ಪಿದರೂ ಗೆರೆ ಅಳಿಸಿಹೋಗುತ್ತದೆ. ನಿಮ್ಮದೇ ತಪ್ಪುಗಳನ್ನು ತಂಡದ ಮುಂದೆ ಮೊದಲು ಹೇಳುವುದೂ ಈ ಹಂತದಲ್ಲೇ ಶುರುವಾಗಬೇಕು. ಸಾಧನೆಯಾಗಿ ಬದಲಾದ ಹಳೆಯ ತಪ್ಪು ಬೇಡ, ಈ ವಾರದ ಹಸಿ ತಪ್ಪು ಹೇಳಿ.

ಹಂತ 6: ಹೇಳುವ ಮಾತನ್ನೂ ಕಲಿಸಿ

ಕಿರಿಯರಿಗೆ ಧೈರ್ಯವಿದ್ದರೂ ಪದ ಸಿಗುವುದಿಲ್ಲ. ಸುತ್ತಿ ಬಳಸಿ ಹೇಳುತ್ತಾರೆ, ನಿಮಗೆ ತಲುಪುವುದಿಲ್ಲ. ಏರುತ್ತ ಹೋಗುವ ಮೂರು ವಾಕ್ಯಗಳನ್ನು ಇಡೀ ತಂಡಕ್ಕೆ ಗೊತ್ತುಮಾಡಿ: "ನನಗೆ ಇದರ ಬಗ್ಗೆ ಆತಂಕ ಇದೆ." "ಇದು ಹೀಗೇ ಮುಂದುವರಿಯೋದು ನನಗೆ ಸರಿ ಕಾಣ್ತಿಲ್ಲ." "ಇಲ್ಲಿಗೆ ನಿಲ್ಲಿಸಬೇಕು." ಮೂರನೆಯ ವಾಕ್ಯ ಯಾರ ಬಾಯಿಂದ ಬಂದರೂ, ನಿನ್ನೆ ಸೇರಿದವರ ಬಾಯಿಂದಲೇ ಬಂದರೂ, ಕೆಲಸ ನಿಲ್ಲಿಸಿ ನೋಡಲೇಬೇಕೆಂಬ ನಿಯಮವಿರಲಿ. ಟೊಯೋಟಾ ಕಾರ್ಖಾನೆಗಳಲ್ಲಿ ತೊಂದರೆ ಕಂಡ ಕೆಲಸಗಾರರು ಹಗ್ಗ ಎಳೆದು ಉತ್ಪಾದನೆಯ ಸಾಲನ್ನೇ ನಿಲ್ಲಿಸಬಹುದಾದ ಏರ್ಪಾಡು ಇದ್ದದ್ದು ಇದಕ್ಕಾಗಿಯೇ. ಹತ್ತು ಸಲದಲ್ಲಿ ಏಳು ಸಲ ಏನೂ ಇರದಿರಬಹುದು. ಆ ಏಳು ಸಲವೂ "ನಿಲ್ಲಿಸಿದ್ದು ಸರಿ" ಎಂದೇ ಹೇಳಬೇಕು.

ಮೀಟಿಂಗ್‌ನಲ್ಲಿ ಅಭಿಪ್ರಾಯ ಕೇಳುವಾಗ ಅತಿ ಕಿರಿಯರಿಂದ ಶುರುಮಾಡಿ, ನಿಮ್ಮ ಮಾತು ಕೊನೆಗಿರಲಿ. ನೀವು ಮೊದಲು ಹೇಳಿದರೆ ಉಳಿದವರದೆಲ್ಲ ಹೂಂಗುಟ್ಟುವಿಕೆ.

ದೊಡ್ಡ ಕೆಲಸ ಶುರುವಾಗುವ ಮುನ್ನ ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಒಂದು ಅಭ್ಯಾಸ ಮಾಡಿ. ಅರ್ಧ ಗಂಟೆ ಸಾಕು. ತಂಡಕ್ಕೆ ಹೇಳಿ: "ಆರು ತಿಂಗಳು ಕಳೆದಿದೆ, ಈ ಕೆಲಸ ಪೂರ್ತಿ ನೆಲಕಚ್ಚಿದೆ ಅಂತ ಇಟ್ಟುಕೊಳ್ಳಿ. ಯಾಕೆ ಕಚ್ಚಿತು?" ಮೂರು ನಿಮಿಷ ಎಲ್ಲರೂ ಮಾತಿಲ್ಲದೆ ಬರೆಯಲಿ. ಆಮೇಲೆ ಒಬ್ಬೊಬ್ಬರೂ ಒಂದೊಂದೇ ಕಾರಣ ಓದಲಿ, ಪಟ್ಟಿ ಖಾಲಿಯಾಗುವವರೆಗೆ ಸುತ್ತು ನಡೆಯಲಿ. ಮೂರು ಕಾರಣ ಆರಿಸಿ ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ದಿನಾಂಕ ಬರೆಯಿರಿ. "ಏನು ತೊಂದರೆ ಆಗಬಹುದು" ಎಂದು ಕೇಳಿದಾಗ ಸುಮ್ಮನಿದ್ದವರು ಇಲ್ಲಿ ಬರೆಯುತ್ತಾರೆ, ಯಾಕೆಂದರೆ ಸೋಲು ಆಗಿಹೋಗಿದೆ ಎಂದು ನೀವೇ ಹೇಳಿದ್ದೀರಿ. ಈಗ ಕಾರಣ ಹೇಳುವುದು ಅಪಶಕುನವಲ್ಲ, ಜಾಣತನ.

ಹಂತ 7: ಮೇಲಕ್ಕೆ ನೀವು ಹೇಳುವಾಗ

ನಿಮ್ಮ ಮೇಲಿನವರಿಗೆ ನೀವು ಸುದ್ದಿ ಮುಚ್ಚಿಡುತ್ತಿದ್ದರೆ ಕೆಳಗಿನವರು ಅದನ್ನು ನೋಡಿಯೇ ಕಲಿಯುತ್ತಾರೆ. ಮೇಲಕ್ಕೆ ಹೋಗುವ ಮೆಸೇಜ್ ಐದು ಸಾಲಿಗಿಂತ ಹೆಚ್ಚಬಾರದು: ಏನಾಗಿದೆ, ಯಾವಾಗಿನಿಂದ, ಯಾರಿಗೆ ಎಷ್ಟು ತಟ್ಟುತ್ತದೆ, ಈವರೆಗೆ ಏನು ಮಾಡಿದ್ದೇವೆ ಮತ್ತು ನಿಮ್ಮಿಂದ ಏನು ಬೇಕು, ಮುಂದಿನ ಸುದ್ದಿ ಎಷ್ಟು ಗಂಟೆಗೆ. ತಂಡದವರ ಹೆಸರು ಅದರಲ್ಲಿ ಬೇಡ. "ನಮ್ಮ ತಂಡದಿಂದ ತಪ್ಪಾಗಿದೆ" ಎಂದಿರಲಿ. ಆ ಮೆಸೇಜಿನ ಪ್ರತಿಯನ್ನು ಸುದ್ದಿ ತಂದವರಿಗೂ ತೋರಿಸಿ. ತಮ್ಮ ಹೆಸರನ್ನು ನೀವು ಹೇಗೆ ಕಾಪಾಡಿದಿರಿ ಎಂದು ಅವರು ಕಣ್ಣಾರೆ ನೋಡಲಿ.

ಹನ್ನೆರಡು ವಾರದ ನಂತರ

ನೋಟ್‌ಬುಕ್ ಮತ್ತೆ ತೆರೆಯಿರಿ. ಈ ನಡುವೆ ಬಂದ ಪ್ರತಿ ಸುದ್ದಿಯನ್ನೂ ಅದೇ ನಾಲ್ಕು ಕಾಲಮ್ಮಿನಲ್ಲಿ ಬರೆದಿರುತ್ತೀರಿ. ಮೊದಲು ಕಣ್ಣಿಗೆ ಬೀಳುವುದು, ಸಾಲುಗಳು ಹೆಚ್ಚಾಗಿರುವುದು. ಗಾಬರಿಯಾಗಬೇಡಿ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಭ್ಯಸಿಸಿ 1996ರಲ್ಲಿ ಪ್ರಕಟಿಸಿದಾಗ, ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚಿದ್ದವು. ಆ ತಂಡಗಳು ತಪ್ಪುಗಳನ್ನು ಮುಚ್ಚಿಡದೆ ಮಾತಾಡುತ್ತಿದ್ದವು ಎಂಬುದು ಅದಕ್ಕೆ ಸಿಕ್ಕ ವಿವರಣೆ. ನೋಡಬೇಕಾದ್ದು ಸಾಲುಗಳ ಸಂಖ್ಯೆಯನ್ನಲ್ಲ, ಎರಡು ದಿನಾಂಕಗಳ ನಡುವಿನ ಅಂತರವನ್ನು. ಒಂಬತ್ತು ದಿನವಿದ್ದದ್ದು ಮೂರಕ್ಕೆ ಇಳಿದಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಇಳಿಯದೇ ಇದ್ದರೆ ಎರಡನೆಯ ಹಂತಕ್ಕೆ ವಾಪಸ್ ಹೋಗಿ.

ಆಮೇಲೆ ಹೆಸರುಗಳನ್ನು ನೋಡಿ. ಹನ್ನೆರಡು ವಾರದಲ್ಲಿ ಒಂದೂ ಕೆಟ್ಟ ಸುದ್ದಿ ತರದವರು ಇಬ್ಬರಾದರೂ ಇರುತ್ತಾರೆ. ಅವರ ಕೆಲಸದಲ್ಲಿ ಏನೂ ಕೆಡಲಿಲ್ಲ ಎಂದು ನಂಬಬೇಡಿ. ಮುಂದಿನ ವಾರದ ಮೊದಲ ಭೇಟಿ ಅವರೊಂದಿಗಿರಲಿ, ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ. ಹೋಗುವ ಮೊದಲು ಹಳೆಯ ಪುಟಗಳಲ್ಲಿ ಅವರ ಹೆಸರು ಹುಡುಕಿ: ಅವರು ಕೊನೆಯ ಸಲ ಏನನ್ನೋ ಹೇಳಲು ಬಂದದ್ದು ಯಾವಾಗ, ಆ ಸಾಲಿನ ನಾಲ್ಕನೆಯ ಕಾಲಮ್ಮಿನಲ್ಲಿ ನಿಮ್ಮ ಯಾವ ಮಾತು ಬರೆದಿದೆ? ಭೇಟಿಯನ್ನು ಅಲ್ಲಿಂದ ಶುರುಮಾಡಿ.